ಎಡಗೈಯ ಸುತ್ತು

ದೆವ್ವದ ಮಾತೆತ್ತಿದರೆ ನನಗೆ ಸಿಟ್ಟು ಬರುತ್ತಿತ್ತು. ಈಗಲೂ ಬರುತ್ತದೆ. ವಾಯರಿನಲ್ಲಿ ಕರೆಂಟು ಹರಿಯುತ್ತದೆ, ಇಲ್ಲವೆ ಹರಿಯುವುದಿಲ್ಲ, ನಡುವೆ ಮೂರನೆಯದಿಲ್ಲ ಎಂದು ನಂಬಿ ದುಡಿದವನು ನಾನು. ಆದರೂ ಬನಹಟ್ಟಿಯಲ್ಲಿ ಒಂದು ಸಂಜೆ ನಡೆದದ್ದನ್ನು ಇದ್ದಂತೆಯೇ ಹೇಳಿಬಿಡುತ್ತೇನೆ. ನಂಬುವುದು ಬಿಡುವುದು ನಿಮಗೆ ಸೇರಿದ್ದು.

ನಮ್ಮ ಸೀಮೆ ಇನ್ನೂ ಮುಂಬಯಿ ರಾಜ್ಯದಲ್ಲಿದ್ದ ಕಾಲ. ನಾನೊಂದು ನಾಟಕ ಕಂಪನಿಯಲ್ಲಿ ದೀಪದ ಕೆಲಸಕ್ಕಿದ್ದೆ. ನನಗೆ ಕೆಲಸ ಕಲಿಸಿದವನು ದಸ್ತಗೀರ, ಎಡಚ. ಜಾಯಿಂಟು ಹಾಕುವುದರಲ್ಲಿ ಅವನದೇ ಒಂದು ಪದ್ಧತಿಯಿತ್ತು. ಎರಡು ತಂತಿಗಳ ಗಂಟು ಎದುರುಬದುರು ಬರಬಾರದು, ನಾಲ್ಕು ಬೆರಳು ಹಿಂದೆಮುಂದೆ ಇರಬೇಕು. ಮೇಲೆ ಹಳೆಯ ಸೈಕಲ್ ಟ್ಯೂಬಿನ ಪಟ್ಟಿಯನ್ನು ಬಿಗಿಯಾಗಿ ಸುತ್ತಬೇಕು. ಎಡಗೈಯವನಾದ್ದರಿಂದ ಅವನ ಸುತ್ತು ನಮ್ಮೆಲ್ಲರ ಸುತ್ತಿಗೆ ತಿರುಗುಮುರುಗಾಗಿರುತ್ತಿತ್ತು.

ಬನಹಟ್ಟಿಗೆ ಬರುವ ಮುಂಚೆ, ಮುಧೋಳದ ಕ್ಯಾಂಪಿನಲ್ಲಿ ಅವನು ಶಾಕ್ ಹೊಡೆದು ಸತ್ತ. ವಾಯರಿನ ಮೇಲಿನ ಅರಿವೆಯ ಹೊದಿಕೆ ಹರಿದು ಎಷ್ಟೋ ದಿನವಾಗಿತ್ತು. ದಪ್ಪ ರಬ್ಬರಿನದು ತರಿಸಿರೆಂದು ಮಾಲಕನ ಮುಂದೆ ಹೇಳಿ ಹೇಳಿ ಅವನಿಗೆ ಸಾಕಾಗಿತ್ತು. ಮಾಲಕ ಮಣ್ಣು ಕೊಟ್ಟು ಬಂದು, "ಅವನ ಆಯುಷ್ಯ ಅಷ್ಟ ಇತ್ತು, ಯಾರೇನ ಮಾಡೂದೈತಿ" ಅಂದ. ಆ ಮಾತು ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ.

ಬನಹಟ್ಟಿಯಲ್ಲಿ ಅದೇ ಹರಕು ವಾಯರನ್ನು ತುಂಡು ತುಂಡು ಜೋಡಿಸಬೇಕಾಯಿತು. ಸುತ್ತಲು ಟೇಪು ಕೇಳಿದೆ.

"ಲೇ, ನೇಕಾರ ಮನಿಯಾಂವ ಅದಿ, ನೂಲು ಸುತ್ತಾಕ ಬರೂದಿಲ್ಲೇನು? ಬನಹಟ್ಟ್ಯಾಗ ನೂಲಿಗೇನ ಬರ ಬಂದೈತಿ?" ಎಂದು ಮಾಲಕ ಗಂಜಿ ಹಾಕಿದ ನೂಲಿನ ಲಡಿಯೊಂದನ್ನು ನನ್ನ ಕಡೆ ಎಸೆದ.

ಗಂಜಿ ನೂಲು ನೀರಿನ ಪಸೆ ಹೀರಿ ಕರೆಂಟು ಹಾಯಿಸುತ್ತದೆಂದು ದಸ್ತಗೀರ ನನಗೆ ನೂರು ಸಲ ಹೇಳಿದ್ದ. ಗೊತ್ತಿದ್ದೂ ಸುತ್ತಿದೆ. ಕೆಲಸ ಹೋದೀತೆಂಬ ಅಂಜಿಕೆ, ಮತ್ತೇನಲ್ಲ. ಏಳು ಜಾಯಿಂಟು, ಎಲ್ಲವೂ ರಂಗದ ನೆಲದ ಮೇಲೆಯೇ. ಧೂಳು ಏಳದಿರಲೆಂದು ಆಟಕ್ಕೆ ಮುಂಚೆ ಆ ನೆಲಕ್ಕೆ ನೀರು ಹೊಡೆಯುತ್ತಿದ್ದರು. ಅದರ ಮೇಲೆ ಬರಿಗಾಲಲ್ಲಿ ಕುಣಿಯುವವಳು ಗಂಗಕ್ಕ, ನಮ್ಮ ರಾಣಿ ಪಾರ್ಟಿನವಳು.

ಕೆಲಸ ಮುಗಿಸಿ, ಹೊತ್ತು ಮುಳುಗುವಾಗ ಎದುರಿನ ಹೋಟೆಲಿಗೆ ಚಹಾ ಕುಡಿಯಲು ಹೋದೆ. ಮಾಲಕ ಬೈದರೆ ಬೈಯಲಿ, ಆ ನೂಲು ಬಿಚ್ಚಿಬಿಡುತ್ತೇನೆ ಎಂದುಕೊಂಡು ಅರ್ಧ ಕಪ್ಪಿಗೇ ಎದ್ದು ಬಂದೆ. ನೋಡಿದರೆ ಏಳೂ ಜಾಯಿಂಟುಗಳ ಮೇಲೆ ನೂಲಿರಲಿಲ್ಲ. ಕರಿ ಟ್ಯೂಬಿನ ಪಟ್ಟಿ ಇತ್ತು. ಒಂದನ್ನು ಬಿಚ್ಚಿದೆ; ನಾನು ಅವಸರಕ್ಕೆ ಎದುರುಬದುರೇ ಹಾಕಿದ್ದ ಗಂಟುಗಳು ಈಗ ನಾಲ್ಕು ಬೆರಳು ಹಿಂದೆಮುಂದೆ. ಸುತ್ತು ತಿರುಗುಮುರುಗು. ಒಬ್ಬನಿಗೆ ಒಂದು ತಾಸಿಗೂ ಮಿಕ್ಕಿದ ಕೆಲಸ ಅದು. ನಾನು ಸುತ್ತಿದ್ದ ನೂಲೆಲ್ಲ ಉಂಡೆಯಾಗಿ ಪಕ್ಕದಲ್ಲಿತ್ತು.

ಗಂಗಕ್ಕ ರಂಗದ ಪಕ್ಕದಲ್ಲೇ ಬಣ್ಣ ಹಚ್ಚಿಕೊಳ್ಳುತ್ತ ಕುಳಿತಿದ್ದಳು. ಯಾರು ಬಂದಿದ್ದರೆಂದು ಕೇಳಿದೆ.

"ಯಾರ ಬರ್ತಾರ? ನೀನ ಕುಂತಿದ್ದೆಲ್ಲೋ, ಆ ಕಡೆ ಮಾರಿ ಮಾಡಿ. ಮಾತಾಡಿಸಿದ್ರ ಹೂಂ ಅನಲಿಲ್ಲ. ಎಡಗೈಲೆ ಯಾಕ ಸುತ್ತಾಕತ್ತಿದ್ದಿ, ಬಲಗೈಗೆ ಏನಾಗೇತಿ?"

ಹೇಳಿ ನಕ್ಕಳು. ಆಮೇಲೆ ಏನೋ ನೆನಪಾಗಿ ಬಣ್ಣದ ಡಬ್ಬಿ ಕೆಳಗಿಟ್ಟಳು.

ಆಟ ನಡೆಯಿತು. ಗಂಗಕ್ಕ ಹಸಿ ನೆಲದ ಮೇಲೆ ಕುಣಿದು ಸುಖವಾಗಿ ಒಳಗೆ ಬಂದಳು. ಮಾಲಕ ನನ್ನ ಬೆನ್ನು ತಟ್ಟಿ, "ನೋಡಿದ್ಯಾ, ನೂಲಿನ ಮ್ಯಾಲ ಆಟ ನಡೀತೋ ಇಲ್ಲೋ?" ಅಂದ. ಆ ಉಂಡೆಯನ್ನು ಅವನ ಕೈಯಲ್ಲಿಟ್ಟೆ.

"ನಿಮ್ಮ ನೂಲು ಇಲ್ಲೈತ್ರಿ. ಒಂದ ಎಳಿನೂ ಅಲ್ಲಿಲ್ಲ."

"ಮತ್ತ ಯಾರ ಮಾಡಿದ್ರು?"

"ನೀವು ಕೊಂದಾಂವ."

ಹೊಡೆಯುತ್ತಾನೆಂದುಕೊಂಡೆ. ಹೊಡೆಯಲಿಲ್ಲ. ಬಗ್ಗಿ ವಾಯರು ನೋಡಿದ, ಸುತ್ತಿನ ಮೇಲೆ ಬೆರಳಾಡಿಸಿದ, ಎದ್ದು ಹೋದ.

ಯಾರು ಸುತ್ತಿದರೆಂದು ನನಗೆ ಇವತ್ತಿಗೂ ತಿಳಿದಿಲ್ಲ. ಕಂಪನಿಯಲ್ಲಿ ಬೇರೆ ಎಡಚರಿರಲಿಲ್ಲ. ಆ ಟ್ಯೂಬು ಎಲ್ಲಿಂದ ಬಂತೋ ಅದೂ ಗೊತ್ತಿಲ್ಲ. ಮುಂದೆ ಜಮಖಂಡಿಯ ಕ್ಯಾಂಪಿಗೆ ಹೋದಾಗ ದಪ್ಪ ರಬ್ಬರಿನ ಹೊಸ ವಾಯರು, ಹಿತ್ತಾಳೆ ಪಿನ್ನಿನ ಪ್ಲಗ್ಗುಗಳು ಬಂದಿದ್ದವು, ಯಾರೂ ಕೇಳದೆಯೇ. ಹಾಸುವಾಗ ಸಿಟ್ಟು ನೆತ್ತಿಗೇರಿತು. ತರಿಸಲು ಬರುತ್ತಿತ್ತಲ್ಲ ಮಾಲಕನಿಗೆ. ಎರಡು ಊರು ಮೊದಲು ತರಿಸಿದ್ದರೆ ಅದನ್ನು ದಸ್ತಗೀರನೇ ಹಾಸುತ್ತಿದ್ದ.