ಖಾಲಿ ಹಾಳೆಯ ರಾಜಿನಾಮಾ

ನೇತ್ರಾವತಿ ನನ್ನ ಭಾನುವಾರದ ತರಗತಿಗೆ ತಾವರಗೇರಾ ಕಡೆಯ ಹಳ್ಳಿಯೊಂದರಿಂದ ಎರಡು ಬಸ್ಸು ಬದಲಿಸಿ ಕೊಪ್ಪಳಕ್ಕೆ ಬರುತ್ತಿದ್ದಳು. ಕೂಲಿ ಮಾಡಿ ಬೆಳೆದವಳು, ನಲವತ್ತು ದಾಟಿದ ಮೇಲೆ ದೂರಶಿಕ್ಷಣದಲ್ಲಿ ಬಿ.ಎ.ಗೆ ಕಟ್ಟಿದ್ದಳು, ಮೇಲಾಗಿ ಗ್ರಾಮ ಪಂಚಾಯಿತಿಯ ಅಧ್ಯಕ್ಷೆ. ನೋಟ್ಸ್ ಬರೆಯುವುದಕ್ಕಿಂತ ಪ್ರಶ್ನೆ ಕೇಳುವುದೇ ಹೆಚ್ಚು. ಸಿಲಬಸ್ ಮುಗಿಸುವ ಅವಸರದಲ್ಲಿದ್ದ ನನಗೆ ಅವಳೊಂದು ತಲೆನೋವು.

ಆ ದಿನ ಅಮೆರಿಕದ ಸಂವಿಧಾನ ರಚಿಸಿದವರ ಪಾಠ. ಅಧ್ಯಕ್ಷನನ್ನು ಕೆಳಗಿಳಿಸುವ ಮಹಾಭಿಯೋಗ ಬೇಕೇ ಬೇಡವೇ ಎಂದು ೧೭೮೭ರಲ್ಲಿ ಅವರು ವಾದಕ್ಕೆ ಬಿದ್ದಿದ್ದರು. ಬೇಕು, ತಪ್ಪಿದ್ದರೆ ಶಿಕ್ಷೆಯಾಗಲಿ, ಸುಳ್ಳು ಆರೋಪವಾದರೆ ಮರ್ಯಾದೆಯಿಂದ ಬಿಡುಗಡೆಯಾಗಲಿ ಎಂದ ಮುದುಕ ಫ್ರಾಂಕ್ಲಿನ್. ‘ದುರಾಡಳಿತ’ವೂ ಕಾರಣವಾಗಲಿ ಎಂದು ಮೇಸನ್ ಕೇಳಿದಾಗ ಮ್ಯಾಡಿಸನ್ ಒಪ್ಪಲಿಲ್ಲ. ಅಷ್ಟು ಸಡಿಲ ಮಾತಿಟ್ಟರೆ ಅಧ್ಯಕ್ಷ ಸೆನೆಟ್ಟಿನ ಮರ್ಜಿಯಲ್ಲಿ ಬದುಕಬೇಕಾಗುತ್ತದೆ ಎಂದ.

“ಅಂದ್ರ ತಪ್ಪೇನಂತ ಬರದು ಇಳಸಬೇಕೇನ್ರಿ, ಅಮೃತಾ ಮೇಡಂ?” ಎಂದು ನೇತ್ರಾವತಿ ಕೇಳಿದಳು. ಹೌದೆಂದೆ. ಅಪರೂಪಕ್ಕೆ ಬರೆದುಕೊಂಡಳು.

ಎರಡು ವಾರದ ಮೇಲೆ ಅಳುಮುಖ ಹೊತ್ತು ಬಂದಳು. ಅವಳೂರಿನಲ್ಲಿ ಕುಡಿಯುವ ನೀರು ಮೊದಲು ಮೇಲಿನ ಓಣಿಗೆ, ಉಳಿದರೆ ಅವಳ ಕೇರಿಗೆ. ಅಧ್ಯಕ್ಷೆಯಾದ ಮೇಲೆ ಪಾಳಿ ಬದಲಿಸಿ, ದಿನ ಬಿಟ್ಟು ದಿನ ಕೇರಿಗೆ ಮೊದಲು ವಾಲ್ವ್ ತೆರೆಸಿದ್ದಳು. ಮೇಲಿನ ಓಣಿಯ ಉಪಾಧ್ಯಕ್ಷ ಪ್ರಭುರಾಜನಿಗೆ ಅದು ತಡೆಯಲಿಲ್ಲ. ಅವಳ ಗಂಡ ಗ್ಯಾನಪ್ಪ ದುಡಿಯುತ್ತಿದ್ದದ್ದೂ ಅವನ ಹೊಲದಲ್ಲೇ.

“ನೀರಿನ ಜಗಳ ಸಾಕವ್ವಾ, ಒಂದು ರಾಜಿನಾಮಾ ಕೊಟ್ಟು ಮುಗಸು,” ಎಂದನಂತೆ ಪ್ರಭುರಾಜ. ನಮ್ಮ ಕಡೆ ಕೋರ್ಟಿನಲ್ಲಿ ಅಣ್ಣತಮ್ಮಂದಿರು ರಾಜಿಯಾದರೂ ರಾಜಿನಾಮಾ ಎಂದೇ ಅನ್ನುತ್ತಾರೆ. ಪಾಳಿಯ ರಾಜಿಯೆಂದು ತಿಳಿದು, ಬರೆಸುವುದನ್ನು ಅವನಿಗೇ ಬಿಟ್ಟು, ಇವಳು ಖಾಲಿ ಲೆಟರ್‌ಹೆಡ್ಡಿಗೆ ಸಹಿ ಹಾಕಿದಳು. ಅದರ ಮೇಲೆ ಅಧ್ಯಕ್ಷ ಸ್ಥಾನದ ರಾಜೀನಾಮೆ ಟೈಪಾಗಿ ಕೊಪ್ಪಳದ ಉಪವಿಭಾಗಾಧಿಕಾರಿ ಕಚೇರಿ ಸೇರಿತು. ಸ್ವೀಕೃತಿ ಪತ್ರ ಮನೆಗೆ ಬಂದಾಗಲೇ ಇವಳಿಗೆ ಗೊತ್ತಾದದ್ದು. ಹತ್ತು ದಿನದೊಳಗೆ ಹಿಂಪಡೆಯದಿದ್ದರೆ ಜಾರಿ. ಅಂದು ಎಂಟನೆಯ ದಿನ.

ಸಂವಿಧಾನ ಓದುವ ಹೆಂಗಸು ಖಾಲಿ ಹಾಳೆಗೆ ಸಹಿ ಹಾಕುವುದೇ! ಬಾಯಿಗೆ ಬಂದಂತೆ ಬೈದೆ. ಅವಳು ಎಲ್ಲ ಕೇಳಿಸಿಕೊಂಡು ಹೇಳಿದಳು.

“ಸುಮ್ನಿದ್ರ ರೊಕ್ಕ ತಿಂದು ಓಡಿದ್ಳು ಅಂತಾರ್ರಿ. ಹಿಂದಕ್ಕ ತಗೊಂಡ್ರ ಅವಿಶ್ವಾಸ ತಂದು ಇಳಸ್ತಾರ, ನನ್ನ ಗಂಡನ್ನ ಹೊಲ ಬಿಡಸ್ತಾರ. ಯಾ ಕಡೆ ಹೊಳ್ಳಿದ್ರೂ ಗ್ವಾಡಿನ ಐತ್ರಿ.”

ಬೈದದ್ದಕ್ಕೆ ನಾಚಿಕೆಯಾಯಿತು.

ಸೋಮವಾರ ಅವಳು ರಾಜೀನಾಮೆ ಹಿಂಪಡೆದಳು. ಆ ವಾರವೇ ಗ್ಯಾನಪ್ಪನ ಕೆಲಸ ಹೋಯಿತು. ಮುಂದಿನ ತಿಂಗಳು ಅವಿಶ್ವಾಸದ ಸಭೆ. ಕೈ ಎತ್ತುವ ಮೊದಲು ಇವಳು ಎದ್ದು ನಿಂತು ಒಂದೇ ಹಟ ಹಿಡಿದಳು.

“ನನ್ನ ತಪ್ಪೇನಂತ ಬುಕ್ಕಿನಾಗ ಬರೀರಿ, ಆಮ್ಯಾಲ ಇಳಸ್ರಿ.”

‘ವಿಶ್ವಾಸವಿಲ್ಲ’ ಎಂದಷ್ಟೇ ಸಾಕು ಎಂದರು ಸದಸ್ಯರು. ಅವಳು ಕೂರಲೇ ಇಲ್ಲ. ಕೊನೆಗೆ ಸಿಟ್ಟು ನೆತ್ತಿಗೇರಿ ಪ್ರಭುರಾಜನೇ ಕಾರಣ ಹೇಳಿ ಬರೆಸಿದ. ಹದಿಮೂರರಲ್ಲಿ ಹತ್ತು ಕೈ ಮೇಲೆದ್ದವು.

ಮೊನ್ನೆ ಅವಳ ಮನೆಗೆ ಹೋಗಿದ್ದೆ. ನೀರು ಮತ್ತೆ ಮೇಲಿನ ಓಣಿಗೇ ಮೊದಲು. ಕೇರಿಯ ನಲ್ಲಿಯ ಮುಂದೆ ಖಾಲಿ ಕೊಡಗಳು ಸಾಲುಗಟ್ಟಿದ್ದವು. ಒಳಗೆ ಗೋಡೆಯ ಮೇಲೆ ಸಭೆಯ ನಡಾವಳಿಯ ಪ್ರತಿಯನ್ನು ಲ್ಯಾಮಿನೇಟ್ ಮಾಡಿಸಿ ತೂಗುಹಾಕಿದ್ದಳು. ‘ಅಧ್ಯಕ್ಷೆಯವರು ಕೇರಿಗೆ ಮೊದಲು ನೀರು ಬಿಡಿಸಿದ್ದರಿಂದ’ ಎಂಬ ಸಾಲು, ಅದರ ಕೆಳಗೆ ಹತ್ತು ಸಹಿ.

“ಓದ್ರಿ ಮೇಡಂ,” ಎಂದಳು. “ರೊಕ್ಕ ತಿಂದ್ಳು ಅಂತ ಬರ್ಯಾಕ ಒಬ್ಬನ ಕೈನೂ ಏಳಲಿಲ್ಲ.”