ಹುಲಿಗೆವ್ವನ ಹೆಬ್ಬೆಟ್ಟು

ಹೋದ ಸೋಮವಾರ ಹೂವಿನ ಹುಲಿಗೆವ್ವ ಕೊಟ್ಟ ಮಲ್ಲಿಗೆ ಮಾಲೆಗೆ ಮಸಿ ಹತ್ತಿತ್ತು. ನೋಡಿದರೆ, ಆಕೆಯ ಎಡಗೈ ಹೆಬ್ಬೆರಳು ಪೂರಾ ಕಪ್ಪು.

"ಇದೇನು ಹುಲಿಗೆವ್ವ?"

"ಮೆಂಬರ್ ಸಾಹೇಬ್ರು ಒತ್ತಿಸ್ಕೊಂಡ್ರು, ಅಮ್ಮಾರ. ನಮ್ಮ ಓಣ್ಯಾಗ ಇಲಿ ಬಿದ್ದಾವ ಅಂದಿದ್ದೆ ನೋಡ್ರಿ, ಅದು ಸುಳ್ಳು ಅಂತ ಬರಸ್ಕೊಂಡಾರ. ಇಲ್ಲಾಂದ್ರ ಸಂತ್ಯಾಗ ಕುಂದ್ರಾಕ ಬಿಡಂಗಿಲ್ಲಂತ."

ಇಲಿ ಸತ್ತು ಬಿದ್ದರೆ ಏನರ್ಥವೆಂದು ಹೊಸಪೇಟೆಯವರಿಗೆ ಬಿಡಿಸಿ ಹೇಳಬೇಕೆ? ಪ್ಲೇಗು ಬಂತು, ಮನೆ ಖಾಲಿ ಮಾಡಿ ಊರ ಹೊರಗೆ ಗುಡಿಸಲು ಸೇರಿ ಎಂದು. ಆದರೆ ಪ್ಲೇಗು ಒಪ್ಪಿಕೊಂಡರೆ, ಆ ಓಣಿಯ ಗಟಾರವನ್ನು ವರ್ಷದಿಂದ ಏಕೆ ಬಳಿಸಿಲ್ಲ ಎಂಬ ಪ್ರಶ್ನೆಯೂ ಬರುತ್ತದಲ್ಲ! ಎಲೆಕ್ಷನ್ ಬೇರೆ ಹತ್ತಿರ. ನಮ್ಮ ವಾರ್ಡಿನ ಮುನಿಸಿಪಾಲಿಟಿ ಮೆಂಬರರು ಡಂಗುರ ಹೊಡೆಸಿಬಿಟ್ಟರು: ಪ್ಲೇಗು ಎಂಬುದು ಆಗದವರು ಹಬ್ಬಿಸಿದ ಸುಳ್ಳು ಸುದ್ದಿ.

ಶುಕ್ರವಾರ ಅವರ ಮನೆಗೆ ಅರಿಶಿನ ಕುಂಕುಮಕ್ಕೆ ಹೋಗಿದ್ದೆ. ಪಡಸಾಲೆಯಲ್ಲಿ ಮೆಂಬರರು ಯಾರಿಗೋ ಹೇಳುತ್ತಿದ್ದರು: "ಎಲ್ಲಾ ಬರೇ ರೂಮರ್ ರೀ. ಆ ಹೂವಿನಾಕೀನ ಸುಳ್ಳು ಅಂತ ಒಪ್ಪ್ಯಾಳ."

ಒಳಗೆ ಅವರ ಹೆಂಡತಿ ಕುಂಕುಮ ಕೊಟ್ಟರು. ದೇವರಿಗೆ ನಮಸ್ಕರಿಸೋಣವೆಂದು ತಿರುಗಿದರೆ ಮಂಟಪ ಖಾಲಿ! ಸಾಲಿಗ್ರಾಮದ ಪೆಟ್ಟಿಗೆ ಇದ್ದಲ್ಲಿ ಗಂಧದ ಚೌಕ ಗುರುತು ಮಾತ್ರ.

"ದೇವರೆಲ್ಲಿ ವೈನಿ?"

ಆಕೆ ದನಿ ತಗ್ಗಿಸಿದರು. "ಮೊನ್ನೆನ ಕಡ್ಡಿರಾಂಪುರದ ತೋಟಕ್ಕ ಕಳಿಸೀವ್ರಿ. ಪ್ಲೇಗಿನ ಊರಾಗ ದೇವ್ರನ್ನ ಹೆಂಗ ಇಡೂದು? ನಾಳೆ ನಾವೂ ಹೊಂಟೀವಿ. ಯಾರ ಮುಂದೂ ಹೇಳಬ್ಯಾಡ್ರಿ ಮತ್ತ."

ನಾನು ಹೇಳಲಿಲ್ಲ. (ಕಾನ್ವೆಂಟಿನ ಸಿಸ್ಟರುಗಳು ಕಲಿಸಿದ್ದು ಎರಡು: ಇನ್ನೊಬ್ಬರ ಮನೆಯ ಮಾತು ಹೊರಗೆ ಆಡಬಾರದು, ಸುಳ್ಳಿಗೆ ಜೊತೆಯಾಗಬಾರದು. ಎರಡೂ ಒಂದೇ ದಿನ ಎದುರಾದರೆ ಏನು ಮಾಡಬೇಕೆಂದು ಕಲಿಸಲಿಲ್ಲ.)

ನಿನ್ನೆ ಹುಲಿಗೆವ್ವ ಹೂವಿಲ್ಲದೆ ಬಂದಳು. ಮನೆಯಲ್ಲಿ ಹಸಿ ಬಾಣಂತಿ ಮಗಳು. ಪಕ್ಕದ ಮನೆಯಲ್ಲೂ ಇಲಿ ಬಿದ್ದಿವೆ. ಗುಡಿಸಲಿನ ಗೋಡೆಗೆ ನಾಲ್ಕು ಬಿದಿರಿನ ತಟ್ಟಿ ಕೊಡಿಸಿರೆಂದು ಮೆಂಬರರ ಮನೆಗೆ ಹೋಗಿದ್ದಳಂತೆ. ಸಾಹೇಬರು ಊರಲ್ಲಿಲ್ಲ. ಗುಮಾಸ್ತ ಅದೇ ಕಾಗದ ತೆಗೆದು ತೋರಿಸಿದನಂತೆ.

"'ಇಲಿ ಬಿದ್ದಿಲ್ಲಂತ ನೀನ ಹೆಬ್ಬೆಟ್ಟು ಒತ್ತೀಯಲ್ಲ ಬೇ, ಮತ್ತ ಗುಡಸಲ ಯಾಕ?' ಅಂತಾನ್ರಿ ಅಮ್ಮಾರ. ಕೂಸು ಇನ್ನಾ ಕಣ್ಣು ಬಿಟ್ಟಿಲ್ರಿ."

ನಾನು ಎರಡು ಹಳೆಯ ಚಾಪೆ ಕೊಟ್ಟೆ. ಚಾಪೆ ಗೋಡೆಯಾದೀತೇ? ಶುಕ್ರವಾರವೇ ಬಾಯಿ ಬಿಟ್ಟಿದ್ದರೆ ಏನಾದರೂ ಆಗುತ್ತಿತ್ತೋ ಏನೋ.

ತಡವಾಗಿಯಾದರೂ ಕೇಳುತ್ತೇನೆ. ಮೆಂಬರ್ ಸಾಹೇಬರೇ, ಇಲಿ ಬಿದ್ದದ್ದು ಸುಳ್ಳಾದರೆ, ನಿಮ್ಮ ಮನೆದೇವರಿಗೆ ಕಡ್ಡಿರಾಂಪುರದಲ್ಲಿ ಏನು ಕೆಲಸ?