ಮೈಕ್ ನುಂಗಿದ ಒಂದು ‘ಉ’

2008ನೇ ಇಸವಿ. ಬಸವೇಶ್ವರನಗರದಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದು, ಸುತ್ತಲಿನ ಸಣ್ಣ ಕಾರ್ಖಾನೆಗಳ ಕಂಪ್ಯೂಟರ್ ನೆಟ್‌ವರ್ಕ್ ನೋಡಿಕೊಳ್ಳುತ್ತಿದ್ದೆ. ವಿಸಿಟಿಂಗ್ ಕಾರ್ಡಿನಲ್ಲಿ ‘ಸಿಸ್ಟಮ್ಸ್ ಕನ್ಸಲ್ಟೆಂಟ್’ ಎಂದಿತ್ತು. ನಿಜವಾದ ಕೆಲಸ ಹೆಚ್ಚಾಗಿ ಪ್ರಿಂಟರ್ ಹೊಟ್ಟೆಯಲ್ಲಿ ಸಿಕ್ಕಿಕೊಂಡ ಕಾಗದ ಎಳೆಯುವುದು. ಆದರೂ ಹಮ್ಮಿಗೇನೂ ಕಡಿಮೆ ಇರಲಿಲ್ಲ. ಆ ಸೀಮೆಯಲ್ಲಿ ವಿಂಡೋಸ್ ಬಿಟ್ಟು ಲಿನಕ್ಸ್ ಬಲ್ಲವನು ನಾನೊಬ್ಬನೇ ಅಂದುಕೊಂಡಿದ್ದೆ.

ಹೆಗ್ಗನಹಳ್ಳಿಯ ಒಂದು ಪ್ರೆಸ್ ಶಾಪ್‌ನಿಂದ ಕರೆ ಬಂತು. ತಗಡನ್ನು ಅಚ್ಚಿನಲ್ಲಿಟ್ಟು ಒತ್ತಿ ಬಿಡಿಭಾಗ ಮಾಡುವ ಕಾರ್ಖಾನೆ. ಎರಡು ಶೆಡ್, ನಡುವೆ ರಸ್ತೆ. ಯಂತ್ರಗಳು ಹಿಂದಿನ ಶೆಡ್ಡಿನಲ್ಲಿ, ಅವುಗಳಿಗೆ ಕರೆಂಟ್ ಕೊಡುವ ಪ್ಯಾನೆಲ್ ಮುಂದಿನ ಶೆಡ್ಡಿನಲ್ಲಿ. ‘ಲೈನ್ ತೆಗೀರಿ, ಲೈನ್ ಕೊಡಿ’ ಎಂದು ಹೇಳಲು ಪ್ರತಿಸಲ ಯಾರಾದರೂ ರಸ್ತೆ ದಾಟಿ ಓಡಬೇಕಿತ್ತು. ಆ ಗದ್ದಲದಲ್ಲಿ ಮೊಬೈಲ್ ಹಿಡಿದರೆ ಏನೂ ಕೇಳುತ್ತಿರಲಿಲ್ಲ.

“ಅಷ್ಟೇ ತಾನೇ ಸಾರ್? ಎರಡು ದಿನ ಕೊಡಿ” ಎಂದೆ ಮಾಲೀಕರಿಗೆ.

ಮೂಲೆಯಲ್ಲಿ ಬಿದ್ದಿದ್ದ ಹಳೆಯ ಪೆಂಟಿಯಮ್-ಫೋರ್ ಕಂಪ್ಯೂಟರಿಗೆ ಲಿನಕ್ಸ್ ಹಾಕಿದೆ. ಅದರ ಮೇಲೆ ಮಂಬಲ್ ಎಂಬ ಉಚಿತ ವಾಯ್ಸ್ ಚಾಟ್ ಸರ್ವರ್ ಕೂರಿಸಿದೆ. ಇಂಟರ್ನೆಟ್ಟಿನ ಹಂಗೇ ಇಲ್ಲ, ಎರಡು ಶೆಡ್ಡಿನ ನಡುವಿನ ಕೇಬಲ್ಲೇ ಸಾಕು. ಮಾತಾಡುವವರಿಗೆ ಮೈಕ್ ಇರುವ ಒಂದೊಂದು ಹೆಡ್‌ಸೆಟ್. ಎಲ್ಲವೂ ಯುಪಿಎಸ್ ಮೇಲೆ. ಮಾತು ಹೋಗಿ ಮುಟ್ಟಲು ಕಣ್ಣು ಮಿಟುಕಿಸುವಷ್ಟೂ ಹೊತ್ತು ಬೇಡ.

ಒಂದೇ ತೊಡಕು. ಗುಂಡಿ ಒತ್ತಿ ಮಾತಾಡುವ ಕ್ರಮ ಇಡೋಣವೆಂದರೆ ಕೆಲಸಗಾರರ ಕೈ ಖಾಲಿ ಇರುವುದಿಲ್ಲ. ಹಾಗಾಗಿ ‘ವಾಯ್ಸ್ ಆಕ್ಟಿವೇಶನ್’ ಇಟ್ಟೆ. ಅಂದರೆ ದನಿ ಒಂದು ಮಟ್ಟ ದಾಟಿದಾಗ ಮಾತ್ರ ಮೈಕ್ ತಾನೇ ತೆರೆದುಕೊಳ್ಳುತ್ತದೆ. ಯಂತ್ರಗಳ ಬಡಿತಕ್ಕೆಲ್ಲ ತೆರೆದುಕೊಳ್ಳಬಾರದಲ್ಲ, ಅದಕ್ಕೆ ಆ ಮಟ್ಟವನ್ನು ಚೆನ್ನಾಗಿ ಏರಿಸಿದೆ. ಮೂರು ವಾರ ಎಲ್ಲರೂ ಹೊಗಳಿದರು. ನಾನು ಉಬ್ಬಿಹೋದೆ.

ನಾಲ್ಕನೇ ವಾರ, ಬೆಳಿಗ್ಗೆ ಹನ್ನೊಂದರ ಸುಮಾರಿಗೆ, ಒಂದು ಪ್ರೆಸ್ಸಿನ ಬೆಲ್ಟ್ ಬದಲಾಯಿಸುವ ಕೆಲಸ ನಡೆದಿತ್ತು. ಫಿಟ್ಟರ್ ಈರಣ್ಣ ಗದಗದ ಕಡೆಯ ಹುಡುಗ, ಮೆದು ಮಾತಿನವನು. ಹೆಡ್‌ಸೆಟ್ ಹಾಕಿಕೊಂಡೇ ಎರಡೂ ಕೈಗಳನ್ನು ಬೆಲ್ಟಿಗೂ ಚಕ್ರಕ್ಕೂ ನಡುವೆ ತೂರಿಸಿದ್ದ. ಆ ಯಂತ್ರದ ಸ್ಟಾರ್ಟರ್ ಕೆಟ್ಟು, ವೈರನ್ನು ಡೈರೆಕ್ಟ್ ಕೊಟ್ಟಿದ್ದರು. ಆಚೆ ಪ್ಯಾನೆಲ್ಲಿನಲ್ಲಿ ಸ್ವಿಚ್ ಹಾಕಿದರೆ ಸಾಕು, ಮೋಟಾರ್ ತಿರುಗುತ್ತದೆ. ಉಳಿದ ಪ್ರೆಸ್ಸುಗಳು ಬೇರೆ ಲೈನಿನಲ್ಲಿ ಬಡಿಯುತ್ತಲೇ ಇದ್ದವು.

ನಾನು ಅವನ ಪಕ್ಕದಲ್ಲೇ ನಿಂತು ಲ್ಯಾಪ್‌ಟಾಪಿನಲ್ಲಿ ಸೌಂಡ್ ಪರೀಕ್ಷಿಸುತ್ತಿದ್ದೆ. ಒಂದು ಕಿವಿಗೆ ಮಾತ್ರ ಹೆಡ್‌ಸೆಟ್. ಅದರಲ್ಲಿ ಪ್ಯಾನೆಲ್ ನೋಡಿಕೊಳ್ಳುವ ನಂಜುಂಡಣ್ಣನ ದನಿ ಬಂತು.

“ಕೈ ತೆಗ್ದ್ಯೇನಪ್ಪಾ ಈರಣ್ಣಾ? ಲೈನ್ ಕೊಡ್ಲಾ?”

ಈರಣ್ಣ ಹಲ್ಲು ಕಚ್ಚಿ ಬೆಲ್ಟ್ ಎಳೆಯುತ್ತಲೇ “ಉಹೂಂ” ಎಂದ. ತೆರೆದ ಕಿವಿಗೆ ನನಗದು ಸ್ಪಷ್ಟವಾಗಿ ಕೇಳಿಸಿತು. ಹೆಡ್‌ಸೆಟ್ ಇದ್ದ ಕಿವಿಗೆ ಕೇಳಿಸಿದ್ದು ಬರೀ “ಹೂಂ.”

ಒಂದು ಕ್ಷಣ ಏನೂ ಹೊಳೆಯಲಿಲ್ಲ. ಆಮೇಲೆ, ಆಚೆ ಹೆಡ್‌ಸೆಟ್ಟನ್ನು ಮೇಜಿನ ಮೇಲೆ ಇಟ್ಟ ‘ಟಪ್’ ಸದ್ದು ಬಂತು. ನಂಜುಂಡಣ್ಣ ಎದ್ದಿದ್ದಾನೆ. ಅವನ ಕುರ್ಚಿಯಿಂದ ಪ್ಯಾನೆಲ್ಲಿಗೆ ಆರು ಹೆಜ್ಜೆ.

“ನಂಜುಂಡಣ್ಣಾ, ಬೇಡ! ಹಾಕಬೇಡ!” ಎಂದು ಗಂಟಲು ಹರಿಯುವಂತೆ ಮೈಕಿಗೆ ಕೂಗಿದೆ. ಮೇಜಿನ ಮೇಲಿನ ಹೆಡ್‌ಸೆಟ್ಟಿಗೆ ಕೂಗಿ ಏನು ಬಂತು ಮಣ್ಣು! ಲ್ಯಾಪ್‌ಟಾಪ್ ಕೈಬಿಟ್ಟು ಈರಣ್ಣನ ಕಾಲರ್ ಹಿಡಿದು ಹಿಂದಕ್ಕೆ ಜಗ್ಗಿದೆ. ಇಬ್ಬರೂ ನೆಲಕ್ಕೆ ಬಿದ್ದೆವು. ಬೀಳುತ್ತಿದ್ದಂತೆಯೇ ಮೋಟಾರ್ ಗುಂಯ್ಯೆಂದಿತು. ಅವನ ಕೈಯಲ್ಲಿದ್ದ ಬನಿಯನ್ ವೇಸ್ಟ್, ಅಂದರೆ ಎಣ್ಣೆ ಒರೆಸುವ ಬಟ್ಟೆ, ಬೆಲ್ಟಿಗೆ ಸಿಕ್ಕಿ ಚೂರುಚೂರಾಗಿ ನಮ್ಮ ಮೇಲೆಯೇ ಉದುರಿತು.

ಈರಣ್ಣ ತನ್ನ ಹತ್ತೂ ಬೆರಳುಗಳನ್ನು ಮುಖದ ಮುಂದೆ ಹಿಡಿದು ನೋಡಿಕೊಳ್ಳುತ್ತಾ ಕೂತ.

ಸುದ್ದಿ ತಿಳಿದು ಮಾಲೀಕರು ಬಂದರು. “ಇಬ್ಬರಲ್ಲಿ ಯಾರ ತಪ್ಪು ಹೇಳಿ. ಅವನನ್ನ ಇವತ್ತೇ ಮನೆಗೆ ಕಳಿಸ್ತೀನಿ.”

ನಂಜುಂಡಣ್ಣ ಅಳುತ್ತಿದ್ದ. “ನನ್ನ ಮಕ್ಕಳಾಣೆ ಸಾರ್, ಇವ್ನು ಹೂಂ ಅಂದ. ಕಿವಿಯಾರೆ ಕೇಳ್ದೆ.”

“ನಾ ಉಹೂಂ ಅಂದೇನ್ರೀ” ಎಂದ ಈರಣ್ಣ. “ಕೈ ಒಳಗಿಟ್ಕೊಂಡು ಹೂಂ ಅನ್ನಾಕ ನನಗೇನ್ ಹುಚ್ಚ ಹಿಡದೈತೇನ್ರೀ?”

ಇಬ್ಬರೂ ನಿಜವನ್ನೇ ಹೇಳುತ್ತಿದ್ದರು. ಅದು ಗೊತ್ತಿದ್ದವನು ನಾನೊಬ್ಬನೇ. ಸುಮ್ಮನಿದ್ದರೆ ನನ್ನ ಹೆಸರು ಯಾರ ಬಾಯಲ್ಲೂ ಬರುತ್ತಿರಲಿಲ್ಲ, ಮತ್ತು ಅರ್ಧ ನಿಮಿಷ ನಾನು ಸುಮ್ಮನೇ ಇದ್ದೆ. ಇದನ್ನು ಬರೆಯಲು ಇಂದಿಗೂ ನಾಚಿಕೆಯಾಗುತ್ತದೆ.

“ತಪ್ಪು ನಂದು ಸಾರ್” ಎಂದೆ ಕೊನೆಗೆ.

ಹೇಳಿದರೆ ನಂಬುವಂತಿರಲಿಲ್ಲ, ಮಾಡಿ ತೋರಿಸಿದೆ. ಮಾಲೀಕರ ಕಿವಿಗೆ ಹೆಡ್‌ಸೆಟ್ ಹಾಕಿ ಮುಂದಿನ ಶೆಡ್ಡಿನಲ್ಲಿ ಕೂರಿಸಿದೆ. ಇತ್ತ ಈರಣ್ಣನಿಂದ ಹತ್ತು ಸಲ ‘ಉಹೂಂ’ ಹೇಳಿಸಿದೆ. ಏಳು ಸಲ ಅವರಿಗೆ ಕೇಳಿಸಿದ್ದು ‘ಹೂಂ’. ನಾನು ಏರಿಸಿಟ್ಟ ಮಟ್ಟವನ್ನು ಆ ಮೊದಲ ಮೆಲ್ಲಗಿನ ‘ಉ’ ದಾಟುತ್ತಲೇ ಇರಲಿಲ್ಲ. ‘ಹೂಂ’ ಬಂದಾಗ ಮೈಕ್ ತೆರೆಯುತ್ತಿತ್ತು. ನಮ್ಮ ಭಾಷೆಯಲ್ಲಿ ಇಲ್ಲ ಎಂಬುದಕ್ಕೂ ಹೌದು ಎಂಬುದಕ್ಕೂ ನಡುವೆ ಇರುವುದು ಅಷ್ಟೇ ಒಂದು ‘ಉ’.

ಮಾಲೀಕರು ಬೈಯಲಿಲ್ಲ. ಸ್ಟಾರ್ಟರ್ ಅಂದೇ ಬದಲಾಯಿತು. ಪ್ಯಾನೆಲ್ಲಿಗೆ ಬೀಗ ಬಂತು, ಯಂತ್ರದೊಳಗೆ ಕೈಯಿಟ್ಟವನ ಜೇಬಿನಲ್ಲೇ ಅದರ ಕೀಲಿ. ಸಾಮಾನು ಬಂತೇ, ಊಟವಾಯಿತೇ ಎಂಬ ಮಾತುಗಳಿಗಷ್ಟೇ ಆ ವಾಯ್ಸ್ ಚಾಟನ್ನು ಉಳಿಸಿದೆವು. ನಂಜುಂಡಣ್ಣ ಮಾತ್ರ ಮತ್ತೆ ಹೆಡ್‌ಸೆಟ್ ಮುಟ್ಟಲಿಲ್ಲ. ನಾನು ಒತ್ತಾಯಿಸಲೂ ಇಲ್ಲ.

ಆ ವ್ಯವಸ್ಥೆ ಕೂರಿಸಿದ ದಿನ ಎಲ್ಲರಿಂದಲೂ ‘ಹಲೋ’ ಹೇಳಿಸಿ, ಕೇಳಿಸಿತು ಎಂದ ಕೂಡಲೇ ಪರೀಕ್ಷೆ ಮುಗಿಯಿತು ಅಂದುಕೊಂಡಿದ್ದೆ. ‘ಬೇಡ’ ಎಂದರೆ ಆಚೆ ಮುಟ್ಟುತ್ತದೆಯೇ ಎಂದು ಒಮ್ಮೆಯೂ ನೋಡಿರಲಿಲ್ಲ. ಆಮೇಲಿನ ವರ್ಷಗಳಲ್ಲಿ ಏನೇ ಕಟ್ಟಿಕೊಟ್ಟರೂ ಮೊದಲು ಅಲ್ಲಿನ ಅತ್ಯಂತ ಮೆದು ದನಿಯವರನ್ನು ಕರೆದು ಕೂರಿಸಿ, “ಬೇಡ ಅನ್ನಿ” ಎನ್ನುತ್ತಿದ್ದೆ. ಅದು ಆಚೆ ಮುಟ್ಟುವವರೆಗೆ ಕೆಲಸ ಮುಗಿಯಿತೆಂದು ಯಾರಿಗೂ ಹೇಳಲಿಲ್ಲ.